ಡಾಕ್ಟರಾದರೆ ಮಾತ್ರ ಸಾಕೇ?

ಪಿಯುಸಿಯಲ್ಲಿ ಜೀವಶಾಸ್ತ್ರ ಆರಿಸಿಕೊಂಡ ಮಗುವಿಗೆ ನಮ್ಮಲ್ಲಿ ಒಂದೇ ಗುರಿ ತೋರಿಸಲಾಗುತ್ತದೆ: ಡಾಕ್ಟರಾಗು. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಆಸುಪಾಸು. ಉಳಿದವರೆಲ್ಲ ಸೋತವರೇ? ಅನೇಕ ಮನೆಗಳ ತೀರ್ಮಾನ ಹಾಗೆಯೇ ಇದೆ. ಮತ್ತೆ ಮತ್ತೆ ಕೋಚಿಂಗಿಗೆ ಹಣ ಸುರಿಯಲಾಗುತ್ತದೆ, ಸಾಲ ಮಾಡಿ ಮಗನನ್ನು ವಿದೇಶಕ್ಕೆ ಕಳುಹಿಸಲಾಗುತ್ತದೆ; ಹೆಣ್ಣುಮಗಳಾದರೆ ಮದುವೆಯ ಮಾತು ಶುರುವಾಗುತ್ತದೆ. ರೋಗದ ಮೂಲವನ್ನು ಜೀವಕೋಶ, ಜೀನ್, ವೈರಸ್‌ಗಳಲ್ಲಿ ಹುಡುಕುವ ಜೀವವೈದ್ಯಕೀಯ ವಿಜ್ಞಾನವೂ ಇದೆಯೆಂದು ಆ ಮಕ್ಕಳಿಗೆ ಹೇಳುವವರಿಲ್ಲ.

ನಮ್ಮ ವೇದಿಕೆಗಳಲ್ಲಿ ಇಬ್ನು ಸೀನಾ, ಇಬ್ನುನ್ನಫೀಸ್‌ರ ಹೆಸರು ಮಾತ್ರ ತಪ್ಪದೆ ಕೇಳಿಸುತ್ತದೆ. ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕ ಎಡಭಾಗ ಸೇರುತ್ತದೆಂದು 13ನೇ ಶತಮಾನದಲ್ಲೇ ಹೇಳಿದವರು ಇಬ್ನುನ್ನಫೀಸ್. ಇಬ್ನು ಸೀನಾರ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಲೇ, ಗ್ಯಾಲನ್‌ನ ಕಾಲದಿಂದ ಎಲ್ಲರೂ ನಂಬಿದ್ದ ಮಾತನ್ನು ಅವರು ಅಲ್ಲಗಳೆದರು. ಅವರ ಹೆಸರಿಗೆ ಚಪ್ಪಾಳೆ ತಟ್ಟುವವರು ಅವರ ಪ್ರಶ್ನಿಸುವ ಧೈರ್ಯವನ್ನು ಮಕ್ಕಳಿಗೆ ಕಲಿಸಿದ್ದಾರೆಯೇ?

ದೂರ ಹೋಗಬೇಕಾಗಿಲ್ಲ. ಅಲಿಗಢದಲ್ಲಿ ಓದಿದ ಒಬೈದ್ ಸಿದ್ದೀಕಿ ವೈದ್ಯರಾಗಿರಲಿಲ್ಲ. 1962ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ವಿಭಾಗ ಕಟ್ಟಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. 2006ರಲ್ಲಿ ಪದ್ಮವಿಭೂಷಣ ಸಂದಿತು. ನಮ್ಮ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು?

'ಕೆಲಸ ಎಲ್ಲಿದೆ?' ಎಂಬುದು ಹೆತ್ತವರ ಪ್ರಶ್ನೆ. ಅದು ನ್ಯಾಯವಾದದ್ದೇ. ಬರೀ ಬಿ.ಎಸ್ಸಿ. ಸಾಲದು, ಎಂ.ಎಸ್ಸಿ., ಸಂಶೋಧನೆಯ ಒಲವಿದ್ದರೆ ಪಿಎಚ್.ಡಿ., ಹೀಗೆ ದಾರಿ ದೀರ್ಘವಾಗಿದೆ. ಆದರೆ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಳಿಸಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಲಸಿಕೆ ಮತ್ತು ಔಷಧ ಕಂಪೆನಿಗಳು, ರೋಗಪತ್ತೆ ಪ್ರಯೋಗಾಲಯಗಳು, ಕಾಲೇಜುಗಳು ಇಂಥವರಿಗೆ ಕೆಲಸ ಕೊಡುತ್ತವೆ.

ಸರಕಾರವನ್ನೂ ಬಿಡುವಂತಿಲ್ಲ. ಅಲ್ಪಸಂಖ್ಯಾತ ಸಂಶೋಧಕರಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು, ಬೇರೆ ಯೋಜನೆಗಳ ಪುನರಾವರ್ತನೆಯೆಂಬ ನೆಪದಲ್ಲಿ, ಕೇಂದ್ರವು 2022ರಲ್ಲಿ ನಿಲ್ಲಿಸಿತು. ಬಡ ಮನೆಯ ಮೊದಲ ಸಂಶೋಧಕಿಯ ಮುಂದೆ ಬಾಗಿಲು ಮುಚ್ಚುವುದಕ್ಕೆ ಇದು ಕಾರಣವಾಗಬಲ್ಲದೇ?

ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಅದರ ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇನ್ನೂ ಇಲ್ಲ. ಉಣ್ಣಿಗೆ ಹಿಂದೂ ಮುಸ್ಲಿಮರೆಂಬ ಭೇದವಿಲ್ಲ. ಪ್ರತಿ ರೋಗಕ್ಕೂ ಮದ್ದಿದೆಯೆಂದು ಪ್ರವಾದಿ(ಸ) ಕಲಿಸಿರುವಾಗ, ಅದನ್ನು ಹುಡುಕುವ ಹೊಣೆ ಬೇರೆ ಯಾರದೋ ಎಂದು ಸುಮ್ಮನಿರಲಾದೀತೇ?

ಜಮಾಅತ್‌ಗಳೂ ಟ್ರಸ್ಟ್‌ಗಳೂ ಈ ವರ್ಷದಿಂದಲೇ ತಮ್ಮ ವಿದ್ಯಾರ್ಥಿವೇತನದ ಒಂದು ಪಾಲನ್ನು ಜೀವವಿಜ್ಞಾನದ ಎಂ.ಎಸ್ಸಿ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮೀಸಲಿಡಲಿ. ಸನ್ಮಾನದ ಶಾಲುಗಳ ಖರ್ಚು ಉಳಿಸಿದರೂ ಆರಂಭಕ್ಕೆ ಸಾಕು.