ನ್ಯಾಯಪೀಠದ ಖಾನೆಯಲ್ಲಿ ಪಿಸ್ತೂಲು ಇರಬೇಕೆ?

2018ರ ಮಾರ್ಚ್ 7ರಂದು ಬೆಂಗಳೂರಿನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಪಿ. ವಿಶ್ವನಾಥ ಶೆಟ್ಟಿ ಅವರಿಗೆ ಅವರ ಕಚೇರಿಯಲ್ಲೇ ಚೂರಿಯಿಂದ ಇರಿಯಲಾಯಿತು ಎಂಬ ಸುದ್ದಿ ಬಂದಾಗ ಹೊರನಾಡ ಕನ್ನಡಿಗರೂ ಹೌಹಾರಿದ್ದರು. ಇರಿದವನು ಗೋಡೆ ಹಾರಿ ಬಂದ ದರೋಡೆಕೋರನಲ್ಲ. ತನ್ನ ದೂರುಗಳಿಗೆ ನ್ಯಾಯ ಸಿಗಲಿಲ್ಲವೆಂದು ಸಿಟ್ಟಾಗಿದ್ದ ಒಬ್ಬ ದೂರುದಾರ. ಸಂದರ್ಶಕರಂತೆಯೇ ಒಳಗೆ ಹೋದವನು. ಬಾಗಿಲ ಬಳಿಯ ಲೋಹಶೋಧಕ ಯಂತ್ರ ಕೆಲಸ ಮಾಡುತ್ತಿರಲಿಲ್ಲವೆಂದು ಅಂದಿನ ವರದಿಗಳು ಹೇಳಿದವು. ಶೆಟ್ಟಿಯವರು ಪವಾಡಸದೃಶವಾಗಿ ಬದುಕುಳಿದು, ಮತ್ತೆ ಅದೇ ಕುರ್ಚಿಯಲ್ಲಿ ಕುಳಿತು ತಮ್ಮ ಅವಧಿಯನ್ನು ಪೂರೈಸಿದರು.

ಇಂಥ ಘಟನೆ ನಡೆದಾಗಲೆಲ್ಲ ಒಂದು ಪ್ರಶ್ನೆ ಏಳುವುದು ಸಹಜ. ಮೇಜಿನ ಖಾನೆಯಲ್ಲಿ ಒಂದು ಪಿಸ್ತೂಲು ಇದ್ದಿದ್ದರೆ? ಅಪರಾಧಿಗಳಿಗೆ ಶಿಕ್ಷೆ ಕೊಡುವ ನ್ಯಾಯಾಧೀಶರು ತಮ್ಮ ರಕ್ಷಣೆಗೆ ಒಂದು ಆಯುಧವನ್ನೇಕೆ ಇಟ್ಟುಕೊಳ್ಳಬಾರದು? ಭಾರತದಲ್ಲಿ ಇದು ಇನ್ನೂ ಚಹಾ ಕುಡಿಯುತ್ತ ಆಡುವ ಮಾತು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಹಲವು ರಾಜ್ಯಗಳಲ್ಲಿ ನ್ಯಾಯಾಧೀಶರು ಕೋರ್ಟಿನೊಳಗೂ ಬಂದೂಕು ಒಯ್ಯಲು ಕಾನೂನಿನಲ್ಲೇ ಅವಕಾಶವಿದೆ. ಆದ್ದರಿಂದ ಯಾವ ಬಂದೂಕು, ಎಷ್ಟು ದೊಡ್ಡದು, ಎಲ್ಲಿ ಇಟ್ಟುಕೊಳ್ಳಬೇಕು ಎಂಬುದು ಅಲ್ಲಿ ನಿಜವಾಗಿಯೂ ಆಯ್ಕೆಯ ಪ್ರಶ್ನೆ.

ಆಯ್ಕೆಯ ಲೆಕ್ಕವನ್ನು ಮೊದಲು ನೋಡೋಣ. ಐದು ಗುಂಡಿನ ಪುಟ್ಟ ರಿವಾಲ್ವರ್ ಆದರೆ ಸರಳ. ಅದರಲ್ಲಿ ಸಿಕ್ಕಿಹಾಕಿಕೊಳ್ಳುವಂಥದ್ದು ಕಡಿಮೆ, ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೂ ಕುದುರೆ ಎಳೆದರೆ ಸಿಡಿಯುತ್ತದೆ. ಆದರೆ ನಳಿಗೆ ಗಿಡ್ಡ, ಒದೆತ ಜೋರು, ಅಭ್ಯಾಸವಿಲ್ಲದವರ ಕೈಯಲ್ಲಿ ಗುರಿ ತಪ್ಪುವುದೇ ಹೆಚ್ಚು. ಗ್ಲಾಕ್ ಮಾದರಿಯ 9 ಎಂಎಂ ಪಿಸ್ತೂಲಾದರೆ ಹದಿನೈದು ಗುಂಡು ಹಿಡಿಯುತ್ತದೆ, ಗುರಿಯೂ ಸುಲಭ. ಆದರೆ ಅದು ನಿತ್ಯದ ಅಭ್ಯಾಸ ಬೇಡುತ್ತದೆ. ಇನ್ನು ಇಡುವ ಜಾಗ. ಸೊಂಟಕ್ಕೆ ಕಟ್ಟಿಕೊಂಡರೆ ಮೇಲೆ ಸಡಿಲವಾದ ಕರಿ ನಿಲುವಂಗಿ, ಕೆಳಗೆ ಕುರ್ಚಿಯ ಕೈ. ಕುಳಿತಲ್ಲಿಂದ ಎಳೆದು ತೆಗೆಯುವುದರೊಳಗೆ ಎದುರಿನವನ ಕೆಲಸ ಮುಗಿದಿರುತ್ತದೆ. ಮೇಜಿನ ಅಡಿಯಲ್ಲಿ ಸಿಕ್ಕಿಸಿದರೆ ಬೇಗ ಕೈಗೆ ಸಿಗುತ್ತದೆ, ನಿಜ. ಆದರೆ ಬೆಳಿಗ್ಗೆ ಕಸ ಗುಡಿಸುವವರಿಂದ ಹಿಡಿದು ಬೆಂಚ್ ಗುಮಾಸ್ತರವರೆಗೆ ಎಲ್ಲರ ಕೈಗೂ ಅಷ್ಟೇ ಬೇಗ ಸಿಗುತ್ತದೆ. ಬೀಗ ಹಾಕಿದರೆ ಬೇಕಾದಾಗ ಸಿಗದು, ಹಾಕದಿದ್ದರೆ ಬೇಡದವರಿಗೂ ಸಿಗುವುದು. ಈ ಬಿಕ್ಕಟ್ಟನ್ನು ಯಾವ ಕಂಪನಿಯ ಯಾವ ಮಾದರಿಯೂ ಬಿಡಿಸಿಲ್ಲ.

ಇದು ಬರೀ ತರ್ಕವಲ್ಲ. 2005ರ ಮಾರ್ಚ್ 11ರಂದು ಅಟ್ಲಾಂಟಾದ ಫುಲ್ಟನ್ ಕೌಂಟಿ ನ್ಯಾಯಾಲಯದಲ್ಲಿ ನಡೆದದ್ದನ್ನು ಹಂತ ಹಂತವಾಗಿ ನೋಡಬೇಕು. ಅತ್ಯಾಚಾರದ ಆರೋಪದ ಮೇಲೆ ವಿಚಾರಣೆ ಎದುರಿಸುತ್ತಿದ್ದ ಬ್ರಯಾನ್ ನಿಕೋಲ್ಸ್ ಎಂಬ ಗಟ್ಟಿಮುಟ್ಟಾದ ಆಳನ್ನು ಕೋರ್ಟಿಗೆ ತರಲು ನೇಮಿಸಿದ್ದು ಒಬ್ಬರೇ ಒಬ್ಬ ಮಹಿಳಾ ಡೆಪ್ಯುಟಿಯನ್ನು. ಎರಡು ದಿನ ಮೊದಲು ಅವನ ಬೂಟಿನಲ್ಲಿ ಹರಿತವಾದ ಲೋಹದ ತುಂಡುಗಳು ಸಿಕ್ಕಿದ್ದವು. ಹೆಚ್ಚಿನ ಭದ್ರತೆ ಬೇಕೆಂದು ಕೇಳಲಾಗಿತ್ತು. ಆದರೂ ಅಂದು ಒಬ್ಬರೇ. ಜ್ಯೂರಿಯ ಮುಂದೆ ಕೈದಿಯ ಬಟ್ಟೆಯಲ್ಲಿ ನಿಲ್ಲಿಸುವಂತಿಲ್ಲವಾದ್ದರಿಂದ ಬಟ್ಟೆ ಬದಲಿಸಲು ಕೈಕೋಳ ಬಿಚ್ಚಿದಾಗ ಆತ ಆಕೆಯನ್ನು ಹೊಡೆದು ಕೆಡವಿದ. ಕೈದಿಯ ಬಳಿಗೆ ಹೋಗುವವರು ಬಂದೂಕು ಧರಿಸಬಾರದೆಂಬ ಜಾಣ ನಿಯಮದಂತೆ ಆಕೆಯ ಬಂದೂಕು ಬೀಗದ ಪೆಟ್ಟಿಗೆಯಲ್ಲಿತ್ತು. ಕೀಲಿಕೈ ಮಾತ್ರ ಆಕೆಯ ಬಳಿಯೇ ಇತ್ತು. ಕೀಲಿ ಕಿತ್ತುಕೊಂಡ, ಪೆಟ್ಟಿಗೆ ತೆರೆದ, ಎರಡು ಕಟ್ಟಡಗಳ ನಡುವಿನ ಸೇತುವೆ ದಾಟಿ ನ್ಯಾಯಾಧೀಶ ರೋಲಂಡ್ ಬಾರ್ನ್ಸ್ ಅವರ ಕೋಣೆಗಳ ಕಡೆಯಿಂದ, ಅಂದರೆ ನ್ಯಾಯಪೀಠದ ಹಿಂಬದಿಯ ಬಾಗಿಲಿನಿಂದ ಒಳಬಂದ. ಬಾರ್ನ್ಸ್ ಅವರ ಬೆನ್ನ ಹಿಂದಿನಿಂದ ಗುಂಡು ಹಾರಿತು. ನ್ಯಾಯಾಲಯದ ಶೀಘ್ರಲಿಪಿಗಾರ್ತಿಯೂ ಬಲಿಯಾದರು. ಹೊರಗೆ ಬೆನ್ನಟ್ಟಿದ ಒಬ್ಬ ಅಧಿಕಾರಿ, ಅಂದು ರಾತ್ರಿ ಬೇರೊಂದು ಕಡೆ ಇನ್ನೊಬ್ಬ ಅಧಿಕಾರಿ, ಒಟ್ಟು ನಾಲ್ವರು ಸತ್ತರು.

ಬಾರ್ನ್ಸ್ ಅವರ ಖಾನೆಯಲ್ಲಿ ಜಗತ್ತಿನ ಅತ್ಯುತ್ತಮ ಪಿಸ್ತೂಲು ಇದ್ದಿದ್ದರೂ ಅಂದು ಏನು ಪ್ರಯೋಜನವಾಗುತ್ತಿತ್ತು? ಮೊದಲ ಹಲ್ಲೆ ಸಿಸಿ ಕೆಮರಾದಲ್ಲಿ ದಾಖಲಾಗಿತ್ತು. ಆದರೆ ಆ ಹೊತ್ತಿಗೆ ಪರದೆಯ ಮುಂದೆ ಯಾರೂ ಇರಲಿಲ್ಲ. ಅಟ್ಲಾಂಟಾದಲ್ಲಿ ಬಂದೂಕಿನ ಕೊರತೆ ಇರಲಿಲ್ಲ, ಎಚ್ಚರದ ಕೊರತೆ ಇತ್ತು. ನ್ಯಾಯಾಧೀಶರನ್ನು ಕೊಂದ ಆಯುಧ ಹೊರಗಿನಿಂದ ಬಂದದ್ದೂ ಅಲ್ಲ. ಅದು ನ್ಯಾಯಾಲಯದ ರಕ್ಷಣೆಗೆಂದು ಒಳಗಿದ್ದ ಆಯುಧ.

ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗಗಳೂ ಉಂಟು. 2018ರ ಅಕ್ಟೋಬರ್ 13ರಂದು ಗುರುಗ್ರಾಮದಲ್ಲಿ ನ್ಯಾಯಾಧೀಶರೊಬ್ಬರ ಪತ್ನಿ ಮತ್ತು ಮಗನನ್ನು ಹಾಡುಹಗಲೇ ಪೇಟೆಯಲ್ಲಿ ಗುಂಡಿಟ್ಟು ಕೊಂದದ್ದು ಅವರ ರಕ್ಷಣೆಗೆ ನೇಮಿಸಿದ್ದ ಪೊಲೀಸ್ ಗಾರ್ಡ್, ಸರಕಾರ ಕೊಟ್ಟ ಬಂದೂಕಿನಿಂದಲೇ. 2024ರ ಸೆಪ್ಟೆಂಬರ್ 19ರಂದು ಅಮೆರಿಕದ ಕೆಂಟಕಿಯ ಒಂದು ಸಣ್ಣ ಊರಿನಲ್ಲಿ ಜಿಲ್ಲಾ ನ್ಯಾಯಾಧೀಶ ಕೆವಿನ್ ಮಲಿನ್ಸ್ ತಮ್ಮ ಚೇಂಬರಿನಲ್ಲೇ ಗುಂಡಿಗೆ ಬಲಿಯಾದಾಗ, ಬಂಧಿತರಾದದ್ದು ಆ ಪ್ರದೇಶದ ಶೆರೀಫರೇ. ಅಂದು ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡಿದ್ದರಂತೆ! ಒಟ್ಟಿಗೆ ಉಂಡವನ ಮುಂದೆ ಯಾರು ತಾನೇ ಖಾನೆಗೆ ಕೈ ಹಾಕಿ ಕೂರುತ್ತಾರೆ?

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. 2017ರ ಆಗಸ್ಟ್ 21ರ ಬೆಳಿಗ್ಗೆ ಒಹಾಯೊದ ಸ್ಟೂಬೆನ್‌ವಿಲ್‌ನಲ್ಲಿ ನ್ಯಾಯಾಧೀಶ ಜೋಸೆಫ್ ಬ್ರುಜೀಸ್ ಕೋರ್ಟಿನ ಕಡೆ ನಡೆದು ಬರುತ್ತಿದ್ದಾಗ, ಕಾದು ಕುಳಿತಿದ್ದವನೊಬ್ಬ ಅವರ ಮೇಲೆ ಗುಂಡು ಹಾರಿಸಿದ. ಗಾಯಗೊಂಡ ನ್ಯಾಯಾಧೀಶರು ತಮ್ಮ ಪಿಸ್ತೂಲು ತೆಗೆದು ತಿರುಗಿ ಗುಂಡು ಹಾರಿಸಿದರು. ಅವರು ಬದುಕುಳಿದರು. ಬಂದೂಕಿನ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು, ಅದನ್ನು ತಳ್ಳಿಹಾಕುವಂತೆಯೂ ಇಲ್ಲ. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಇದು ನಡೆದದ್ದು ಕೋರ್ಟಿನೊಳಗಲ್ಲ, ಹೊರಗೆ. ಪಿಸ್ತೂಲು ಇದ್ದದ್ದು ಖಾನೆಯಲ್ಲಲ್ಲ, ಮೈಮೇಲೆ. ಮತ್ತು ಆ ಹಂತಕನನ್ನು ಕೊನೆಗೂ ಹೊಡೆದುರುಳಿಸಿದ್ದು ಅಲ್ಲೇ ಇದ್ದ ಒಬ್ಬ ಪ್ರೊಬೇಷನ್ ಅಧಿಕಾರಿ.

ಆಯುಧ ಕೈಗೆಟಕುವಂತಿದ್ದರೆ ಕೈ ಅದನ್ನು ಬಳಸುವ ನೆಪ ಹುಡುಕುತ್ತದೆ ಎಂಬುದಕ್ಕೂ ಅಮೆರಿಕದಲ್ಲೇ ದೃಷ್ಟಾಂತವಿದೆ. 2012ರಲ್ಲಿ ಜಾರ್ಜಿಯಾ ರಾಜ್ಯದ ಒಬ್ಬ ನ್ಯಾಯಾಧೀಶರು ವಿಚಾರಣೆ ನಡೆಯುತ್ತಿದ್ದಾಗಲೇ ತಮ್ಮ ಪಿಸ್ತೂಲನ್ನು ಹೊರತೆಗೆದು, ಕಟಕಟೆಯಲ್ಲಿದ್ದ ಮಹಿಳೆಗೆ ಕೊಡುವಂತೆ ಚಾಚಿದರು. ಇಂಥ ಸಾಕ್ಷ್ಯ ಕೊಡುವುದಕ್ಕಿಂತ ನಿಮ್ಮ ವಕೀಲನನ್ನೇ ಸುಟ್ಟುಬಿಡಬಹುದು ಎಂಬರ್ಥದ ವ್ಯಂಗ್ಯವಂತೆ ಅದು. ಕೆಲವೇ ದಿನಗಳಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಅಲ್ಲಿ ಯಾರಿಗೂ ಗಾಯವಾಗಲಿಲ್ಲ. ಆದರೆ ಮೊದಲೇ ಹೆದರಿ ಸಾಕ್ಷಿ ಹೇಳಲು ಬಂದ ಹೆಂಗಸೊಬ್ಬಳು ನ್ಯಾಯಾಧೀಶರ ಕೈಯಲ್ಲಿ ಪಿಸ್ತೂಲು ಕಂಡಾಗ ಆಕೆಯ ಎದೆ ಹೇಗೆ ಹೊಡೆದುಕೊಂಡಿದ್ದೀತು? ನ್ಯಾಯಾಲಯದಲ್ಲಿ ಆಯುಧಕ್ಕೆ ಒಂದೇ ಜಾಗ ಇರುವುದು, ಮುದ್ದೇಮಾಲಿನ ಪಟ್ಟಿಯಲ್ಲಿ ಚೀಟಿ ಕಟ್ಟಿಸಿಕೊಂಡು ಮೇಜಿನ ಮೇಲೆ. ಅದರ ಬಗ್ಗೆ ತೀರ್ಪು ಕೊಡಬೇಕಾದವರೇ ಇನ್ನೊಂದನ್ನು ಮಡಿಲಲ್ಲಿಟ್ಟುಕೊಂಡರೆ ಅವರೂ ಜಗಳದ ಒಂದು ಪಕ್ಷವಾಗಿಬಿಡುತ್ತಾರೆ.

ಭಾರತದ ಮಾತಿಗೆ ಬರೋಣ. ಇಲ್ಲಿ 9 ಎಂಎಂ ಪಿಸ್ತೂಲು ಸಾಮಾನ್ಯ ಪರವಾನಗಿದಾರನಿಗೆ ಸಿಗುವಂಥದ್ದಲ್ಲ, ಅದು ಸೇನೆ ಹಾಗೂ ಪೊಲೀಸರಿಗೆ ಮೀಸಲು. ಪರವಾನಗಿ ಸಿಕ್ಕವರು ಹೆಚ್ಚಾಗಿ ಕೊಳ್ಳುವುದು ಪಾಯಿಂಟ್ 32 ಬೋರಿನ ರಿವಾಲ್ವರ್. 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗೆಂದು ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ ರಿವಾಲ್ವರ್ ತಂದಾಗ ಅದರ ಬೆಲೆ ಒಂದು ಲಕ್ಷ 20 ಸಾವಿರ ರೂಪಾಯಿಗೂ ಹೆಚ್ಚಿತ್ತು. 2023ರಲ್ಲಿ ಅಲ್ಲಿಂದಲೇ ‘ಪ್ರಬಲ್’ ಬಂತು. ಯಾವುದೇ ನ್ಯಾಯಾಧೀಶರು ಪರವಾನಗಿ ಪಡೆದು ಇವುಗಳಲ್ಲೊಂದನ್ನು ಮನೆಯಲ್ಲಿ ಇಟ್ಟುಕೊಂಡರೆ ಅದು ಅವರ ಹಕ್ಕು. ಜೀವಭಯವಿರುವವರಿಗೆ ಹಾಗೆ ಮಾಡಬೇಡಿ ಎನ್ನಲು ಯಾರಿಗೂ ಅಧಿಕಾರವಿಲ್ಲ. ಪ್ರಶ್ನೆ ಇರುವುದು ಕೋರ್ಟ್ ಹಾಲಿನ ಬಗ್ಗೆ.

2021ರ ಸೆಪ್ಟೆಂಬರ್ 24ರಂದು ದಿಲ್ಲಿಯ ರೋಹಿಣಿ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಎದುರಿನಲ್ಲೇ, ವಿಚಾರಣೆಗೆ ತಂದಿದ್ದ ಗ್ಯಾಂಗ್‌ಸ್ಟರ್ ಜಿತೇಂದ್ರ ಗೋಗಿಯನ್ನು ಇಬ್ಬರು ಕೊಂದರು. ಇಬ್ಬರೂ ತೊಟ್ಟಿದ್ದು ವಕೀಲರ ಉಡುಪು. ಪೊಲೀಸರು ಅಲ್ಲೇ ಅವರಿಬ್ಬರನ್ನೂ ಹೊಡೆದುರುಳಿಸಿದರು. ಆ ಕ್ಷಣವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಇಕ್ಕಟ್ಟಾದ ಹಾಲ್, ಕಿರುಚಾಟ, ಹಂತಕರು ಕರಿ ಕೋಟಿನಲ್ಲಿ, ಅಮಾಯಕ ವಕೀಲರೂ ಕರಿ ಕೋಟಿನಲ್ಲಿ. ಪೀಠದ ಮೇಲಿನಿಂದ ಮೂರನೆಯ ಬಂದೂಕೊಂದು ಎದ್ದಿದ್ದರೆ ಅದು ಯಾರಿಗೆ ಗುರಿಯಿಡಬೇಕಿತ್ತು? ಪೊಲೀಸರಿಗಾದರೂ ಅದು ಯಾರ ಬಂದೂಕೆಂದು ತಿಳಿಯುವುದು ಹೇಗೆ? 2023ರ ಜೂನ್ 7ರಂದು ಲಖನೌ ನ್ಯಾಯಾಲಯದಲ್ಲೂ ಹಂತಕ ಬಂದದ್ದು ಅದೇ ಕರಿ ಕೋಟಿನಲ್ಲಿ.

ಇನ್ನು, ನ್ಯಾಯಾಧೀಶರನ್ನು ಹುಡುಕಿಕೊಂಡು ಬರುವವರು ಕೋರ್ಟಿಗೇ ಬರಬೇಕೆಂದಿಲ್ಲ. 2021ರ ಜುಲೈ 28ರ ಮುಂಜಾನೆ ಧನಬಾದಿನಲ್ಲಿ ವಾಕಿಂಗ್ ಹೊರಟಿದ್ದ ನ್ಯಾಯಾಧೀಶ ಉತ್ತಮ್ ಆನಂದ್ ಅವರಿಗೆ ಆಟೋರಿಕ್ಷಾ ಒಂದು ಹಿಂದಿನಿಂದ ಬೇಕೆಂದೇ ಬಂದು ಗುದ್ದಿತು. 2020ರ ಜುಲೈ 19ರಂದು ನ್ಯೂಜೆರ್ಸಿಯಲ್ಲಿ ಫೆಡರಲ್ ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಮನೆಗೆ ಪಾರ್ಸೆಲ್ ತಂದವನಂತೆ ಬಂದ ಒಬ್ಬ ವಕೀಲ, ಬಾಗಿಲು ತೆರೆದ ಅವರ ಇಪ್ಪತ್ತು ವರ್ಷದ ಮಗನನ್ನು ಕೊಂದ. ಆ ತಾಯಿ ಆಮೇಲೆ ಕೇಳಿದ್ದೇನು ಎಂಬುದು ಗಮನಾರ್ಹ. ನ್ಯಾಯಾಧೀಶರಿಗೆಲ್ಲ ಬಂದೂಕು ಕೊಡಿ ಎಂದಲ್ಲ. ನ್ಯಾಯಾಧೀಶರ ಮನೆ ವಿಳಾಸವನ್ನು ಇಂಟರ್‌ನೆಟ್ಟಿನಲ್ಲಿ ಮಾರುವುದನ್ನು ನಿಲ್ಲಿಸಿ ಎಂದು. ಮಗ ಡೇನಿಯಲ್ ಆಂಡರ್ಲ್ ಹೆಸರಿನಲ್ಲೇ 2022ರ ಡಿಸೆಂಬರಿನಲ್ಲಿ ಅದು ಕಾನೂನಾಯಿತು. ಬಂದೂಕಿಗೆ ಹೆಸರಾದ ದೇಶದಲ್ಲೇ, ಮಗನನ್ನು ಕಳೆದುಕೊಂಡ ನ್ಯಾಯಾಧೀಶೆಗೆ ಬೇಕೆನಿಸಿದ್ದು ಬೇರೆಯೇ ರಕ್ಷಣೆ.

ಹಾಗಾದರೆ ಪೀಠದ ಮೇಲಿರುವವರು ಬರಿಗೈಯಲ್ಲಿ ಕೂರಬೇಕೆ? ಕೂರಬೇಕು, ಆದರೆ ಕೆಳಗಿನ ವ್ಯವಸ್ಥೆ ಗಟ್ಟಿಯಿರಬೇಕು. ಅಮೆರಿಕದ ಎಷ್ಟೋ ನ್ಯಾಯಾಲಯಗಳಲ್ಲಿ ಪೀಠದ ಮರದ ಹಲಗೆಯ ಹಿಂದೆ ಗುಂಡು ತಡೆಯುವ ಫಲಕ ಕೂರಿಸಿರುತ್ತಾರೆ, ಕಾಲಬುಡದಲ್ಲೋ ಮೇಜಿನಡಿಯಲ್ಲೋ ಅಪಾಯದ ಗುಂಡಿ ಇರುತ್ತದೆ. ಗುಂಡಿ ಒತ್ತಿ ಬಗ್ಗಿದರೆ ಮುಗಿಯಿತು. ಅದಕ್ಕೆ ಗುರಿ ಬೇಡ, ಅಭ್ಯಾಸ ಬೇಡ, ಅರುವತ್ತು ವರ್ಷದ ಕೈ ನಡುಗಿದರೂ ನಡೆಯುತ್ತದೆ. ಪಿಸ್ತೂಲಿಗಿಂತ ಇದು ಮೊದಲು ಬರಬೇಕಾದ ಖರ್ಚು. ಅದಕ್ಕೂ ಮೊದಲು ಬಾಗಿಲು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಚಾಳಿ ಇಲ್ಲಿ ಹಳೆಯದು. ಒಂದು ಅನಾಹುತ ನಡೆದರೆ ಹದಿನೈದು ದಿನ ಎಲ್ಲರ ಚೀಲ ತೆರೆಸುತ್ತಾರೆ, ಹದಿನಾರನೆಯ ದಿನ ಲೋಹಶೋಧಕ ಯಂತ್ರ ಕುಂಯ್ ಎಂದರೂ ಯಾರೂ ತಲೆಯೆತ್ತುವುದಿಲ್ಲ.

ಈ ಬಾಗಿಲಿನ ವಿಷಯ ಮುಂಬಯಿ, ಪುಣೆ, ದಿಲ್ಲಿಗಳ ಕನ್ನಡ ಸಂಘಗಳಿಗೂ ಸಂಬಂಧವಿಲ್ಲದ್ದಲ್ಲ. ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ, ಕರಿ ಕೋಟು ತೊಟ್ಟು ಹೆಸರು ಮಾಡಿದ ಎಷ್ಟೋ ಮಂದಿ ಹಿರಿಯರು ಮುಂಬಯಿಯ ಸಂಘಗಳಲ್ಲಿ ಆಗಿಹೋಗಿದ್ದಾರೆ, ಅವರ ಮಕ್ಕಳೂ ಈಗ ಅದೇ ವೃತ್ತಿಯಲ್ಲಿದ್ದಾರೆ. ಆ ಕೋಟಿನ ಬಗ್ಗೆ ಅವರಿಗೆ ಇರುವ ಅಭಿಮಾನ ದೊಡ್ಡದು, ಇರಬೇಕಾದದ್ದೇ. ಆದರೆ ರೋಹಿಣಿಯ ಘಟನೆಯ ನಂತರ ವಕೀಲರನ್ನೂ ಬಾಗಿಲಲ್ಲಿ ತಪಾಸಣೆ ಮಾಡಬೇಕೆಂಬ ಮಾತು ಬಂದಾಗಲೆಲ್ಲ ಅದನ್ನು ಅವಮಾನವೆಂದು ಬಗೆಯುವವರೂ ಅವರಲ್ಲಿದ್ದಾರೆ. ಕೋಟು ಗುರುತಿನ ಚೀಟಿಯಲ್ಲ, ದರ್ಜಿಯ ಅಂಗಡಿಯಲ್ಲಿ ಯಾರಿಗೂ ಸಿಗುತ್ತದೆ ಎಂಬುದನ್ನು ಹಂತಕರು ಎರಡು ಸಲ ತೋರಿಸಿಕೊಟ್ಟಾಗಿದೆ. ನಾಳೆ ಬೆಳಿಗ್ಗೆ ಕೋರ್ಟಿನ ಬಾಗಿಲಲ್ಲಿ ನಿಂತ ಕಾನ್‌ಸ್ಟೇಬಲ್ ಅಳುಕುತ್ತ ಚೀಲ ತೋರಿಸಿ ಸಾಹೇಬ್ರೆ ಎಂದರೆ, ಸಾಲಿನಲ್ಲಿ ಮೊದಲು ನಿಂತ ಹಿರಿಯ ವಕೀಲರು ತಾವೇ ಚೀಲ ತೆರೆದು ಹಿಡಿಯಲಿ. ಹಿಂದೆ ನಿಂತ ಕಿರಿಯರು ಆಮೇಲೆ ತಕರಾರು ಎತ್ತಲಾರರು.