ಅಜ್ಜಿಯ ತುಟಿ ಒಂದು ಕಡೆ, ಹಾಡು ಇನ್ನೊಂದು ಕಡೆ!

ಊರಿಗೆ ಹೋದಾಗ ಚಿಕ್ಕಮ್ಮ ಒಂದು ಪೆನ್‌ಡ್ರೈವ್ ಕೈಗಿಟ್ಟು, "ನೀನು ಇಂಜಿನಿಯರ್ ಅಲ್ವೇನೋ, ಇದಕ್ಕೇನಾಗಿದೆ ನೋಡು" ಅಂದ್ರು. 2006ರಲ್ಲಿ ನಡೆದ ಅವರ ಮದುವೆಯ ವಿಡಿಯೋ. ಪೇಟೆಯ ಅಂಗಡಿಯೊಂದರಲ್ಲಿ ಡಿವಿಡಿಯಿಂದ ಕನ್ವರ್ಟ್ ಮಾಡಿಸಿದ್ದು. ಶುರುವಿನಲ್ಲಿ ಎಲ್ಲ ಸರಿ. ಧಾರೆ ಹೊತ್ತಿಗೆ ಅರ್ಧ ಸೆಕೆಂಡ್ ವ್ಯತ್ಯಾಸ. ಕೊನೆಯಲ್ಲಿ ಅಜ್ಜಿ ಆರತಿ ಹಾಡು ಹೇಳುವಾಗ ತುಟಿ ಬಿಚ್ಚೋ ಎರಡು ಸೆಕೆಂಡ್ ಮೊದಲೇ ದನಿ ಬರುತ್ತೆ! ಅಜ್ಜಿ ಈಗಿಲ್ಲ. ಅವರು ಹಾಡಿದ್ದು ಅಂತ ನಮ್ಮ ಹತ್ತಿರ ಇರೋದು ಇದೊಂದೇ.

ಅಂಗಡಿಯವರನ್ನು ಕೇಳಿದೆ. "ವಿಎಲ್‌ಸಿಯಲ್ಲಿ ಹಾಕಿ ಜೆ, ಕೆ ಒತ್ತಿ ಸಾರ್, ಸರಿ ಹೋಗುತ್ತೆ" ಅಂದ್ರು. ಆಫೀಸಿನಲ್ಲಿ ನನ್ನ ಹಾಗೇ ಬಿಇ ಮಾಡಿದವರನ್ನು ಕೇಳಿದರೆ ಅವರದ್ದೂ ಅದೇ ಉತ್ತರ. ನನಗೆ ಸಿಟ್ಟಿರೋದು ಈ ಉತ್ತರದ ಮೇಲೆ.

ಆ ಕೀಲಿಗಳು ಇಡೀ ದನಿಯನ್ನು 50 ಮಿಲಿಸೆಕೆಂಡ್ ಹಿಂದಕ್ಕೋ ಮುಂದಕ್ಕೋ ಸರಿಸುತ್ತವೆ, ಅಷ್ಟೇ. ಅಂತರವೇ ಬೆಳೀತಾ ಹೋದರೆ ಅದು ಗಿಡ್ಡ ಕಂಬಳಿ ಇದ್ದ ಹಾಗೆ. ತಲೆಗೆ ಎಳೆದರೆ ಕಾಲು ಹೊರಗೆ!

ಈ ರೋಗ ಮೂರು ಥರ ಸ್ವಾಮಿ. ಒಂದು, ಉದ್ದಕ್ಕೂ ಒಂದೇ ಅಂತರ. ಇದಕ್ಕೆ ಸರಿಸೋದೇ ಮದ್ದು. ಎರಡು, ಒಂದೇ ಸಮನೆ ಬೆಳೆಯೋ ಅಂತರ. ಸೆಕೆಂಡಿಗೆ 29.97 ಫ್ರೇಮ್ ಇರೋದನ್ನು 30 ಅಂತ ಲೆಕ್ಕ ಹಿಡಿದರೆ ಗಂಟೆಗೆ 3.6 ಸೆಕೆಂಡ್ ತಪ್ಪುತ್ತೆ. ಇದಕ್ಕೆ ವೇಗ ತಿದ್ದಬೇಕು. ಮೂರು, ಮೆಟ್ಟಿಲು ಮೆಟ್ಟಿಲಾಗಿ ಏರೋದು. ನಮ್ಮದು ಈ ಮೂರನೇದು.

ಡಿವಿಡಿಯ ವಿಓಬಿ ಫೈಲಿನಲ್ಲಿ ಚಿತ್ರಕ್ಕೂ ದನಿಗೂ ಯಾವ ಕ್ಷಣಕ್ಕೆ ಬರಬೇಕು ಅನ್ನೋ ಟೈಮ್‌ಸ್ಟ್ಯಾಂಪ್ ಇರುತ್ತೆ. ದೃಶ್ಯ ಬದಲಾಗೋ ಕಡೆ ದನಿ ಕ್ಷಣಕಾಲ ಇಲ್ಲದಿದ್ದರೂ ಪ್ಲೇಯರ್ ಅದನ್ನು ನೋಡಿಕೊಂಡು ಕಾಯುತ್ತೆ. ಚಿತ್ರ, ದನಿ ಎರಡನ್ನೂ ಬೇರೆ ಬೇರೆ ಕಿತ್ತು, ಟೈಮ್‌ಸ್ಟ್ಯಾಂಪ್ ಬಿಸಾಕಿ, ಎವಿಐ ಫೈಲಿನಲ್ಲಿ ಮತ್ತೆ ಹೊಲಿದರೆ ಆ ಸಣ್ಣ ಸಣ್ಣ ಮೌನಗಳು ಮಾಯ. ಪ್ರತಿ ಸಲವೂ ದನಿ ಒಂದು ಹೆಜ್ಜೆ ಮುಂದೆ.

"ಮದುವೆ ವಿಡಿಯೋ ತಾನೇ, ಯಾರು ಅಷ್ಟು ನೋಡ್ತಾರೆ?" ಅಂತೀರಾ? ಐಟಿಯು ಶಿಫಾರಸಿನ ಪ್ರಕಾರ ದನಿ 125 ಮಿಲಿಸೆಕೆಂಡ್ ತಡವಾದರೆ ನಮಗೆ ಗೊತ್ತಾಗುತ್ತೆ. ಮುಂಚೆ ಬಂದರೆ ಬರೀ 45 ಸಾಕು. ದೂರದಲ್ಲಿ ಬಟ್ಟೆ ಒಗೆಯೋರನ್ನು ನೋಡಿ, ಬಟ್ಟೆ ಬಡಿದದ್ದು ಕಂಡ ಮೇಲೆ ಸದ್ದು ಕೇಳುತ್ತೆ. ಸದ್ದು ಮೊದಲು ಬರೋದು ಪ್ರಕೃತಿಯಲ್ಲೇ ಇಲ್ಲ. ಚಿಕ್ಕಮ್ಮನಿಗೆ ಫ್ರೇಮ್ ರೇಟ್ ಗೊತ್ತಿಲ್ಲ, ಆದರೆ "ಇದು ಅಮ್ಮ ಹಾಡಿದ ಹಾಗಿಲ್ಲ ಕಣೋ" ಅಂದ್ರು.

ಇನ್ನೂ ದೊಡ್ಡ ತಪ್ಪು ಬೇರೆ ಇದೆ. "ಇನ್ನು ಡಿಸ್ಕ್ ಯಾಕೆ, ಬಿಸಾಕಿ" ಅಂದಿದ್ದರಂತೆ ಅಂಗಡಿಯವರು! ಪುಣ್ಯಕ್ಕೆ ಡಿಸ್ಕ್ ಟ್ರಂಕಿನಲ್ಲೇ ಇತ್ತು. ಮೊದಲು ಇಡೀ ಡಿಸ್ಕನ್ನು ಐಎಸ್‌ಒ ಮಾಡಿಟ್ಟೆ. ಮೇಕ್‌ಎಂಕೆವಿಯಲ್ಲಿ ಏನೂ ಕತ್ತರಿಸದೆ ಎಂಕೆವಿಗೆ ತಂದೆ. ಆಮೇಲೆ ಎಫ್‌ಎಫ್‌ಎಂಪೆಗ್‌ನ ಎ-ರೀಸ್ಯಾಂಪಲ್ ಫಿಲ್ಟರಿನಲ್ಲಿ ಅಸಿಂಕ್ 1 ಅಂತ ಕೊಟ್ಟೆ. ದನಿ ಇಲ್ಲದ ಕಡೆ ಅದು ಮೌನವನ್ನು ತುಂಬುತ್ತೆ. ರಾತ್ರಿ ಹಾಕಿ ತೋರಿಸಿದೆ. ಅಜ್ಜಿಯ ತುಟಿಯಿಂದಲೇ ಹಾಡು ಬಂತು. ಚಿಕ್ಕಮ್ಮ ಮಾತಾಡಲಿಲ್ಲ.

ಬರೆದುಕೊಂಡ ಡಿವಿಡಿಗಳಿಗೆ ಆಯಸ್ಸು ಕಮ್ಮಿ, ಒಳಗಿನ ಡೈ ಹಾಳಾಗುತ್ತೆ. ಹಾಗಾಗಿ ಕನ್ವರ್ಟ್ ಮಾಡಿಸಿ, ಬೇಡ ಅನ್ನಲ್ಲ. ಆದರೆ ಮೊದಲು ಐಎಸ್‌ಒ ಮಾಡಿಟ್ಟುಕೊಳ್ಳಿ. ದುಡ್ಡು ಕೊಡೋ ಮುಂಚೆ ಶುರು, ನಡು, ಕೊನೆ ಮೂರೂ ಕಡೆ ಯಾರಾದರೂ ಮಾತಾಡೋ ಜಾಗ ನೋಡಿ. ಇಂಜಿನಿಯರ್ ಮಿತ್ರರೇ, ಯಾರಾದರೂ ಕೇಳಿದರೆ "ಕೆ ಒತ್ತಿ" ಅನ್ನೋ ಮುಂಚೆ "ಅಂತರ ಕೊನೆಯವರೆಗೂ ಒಂದೇ ಇದೆಯಾ?" ಅಂತ ಕೇಳಿ. ಇಂಜಿನಿಯರ್ ಅಂತ ಕರೆಸಿಕೊಳ್ಳೋಕೆ ಅಷ್ಟಾದರೂ ಮಾಡೋಣ.

ನಿಮ್ಮ ಮನೆ ಟ್ರಂಕಿನಲ್ಲಿ ಯಾರ ದನಿ ಇದೆ? ಇವತ್ತೇ ತೆಗೆದು ನೋಡಿ.