ಕುಮ್ಮಟದುರ್ಗದ ಕಥೆ ಹೇಳುವವರು ಯಾರು?

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಗಂಗಾವತಿಯಿಂದ ಚಿತ್ರದುರ್ಗಕ್ಕೆ ಕಾಲೇಜು ಪ್ರವಾಸ ಹೋಗಿದ್ದೆವು. ಕೋಟೆಯ ಗೈಡ್ ಸುತ್ತುಗಳು, ಬತೇರಿಗಳು, ಮದಕರಿ ನಾಯಕ, ಹೈದರಾಲಿ ಎಂದು ಒಂದೊಂದಾಗಿ ವಿವರಿಸುತ್ತಿದ್ದರು. ನಮ್ಮಲ್ಲಿ ಅರ್ಧ ಜನ ಸೆಲ್ಫಿಯಲ್ಲಿದ್ದೆವು. 'ಇದೇ ನೋಡಿ ಓಬವ್ವನ ಕಿಂಡಿ' ಎಂದಿದ್ದೇ ತಡ, ಹಿಂದಿದ್ದವರೆಲ್ಲ ಮುಂದೆ ನುಗ್ಗಿದರು. ಗೆಳತಿಯೊಬ್ಬಳು ಮಡಚಿದ ಛತ್ರಿಯನ್ನೇ ಒನಕೆ ಮಾಡಿಕೊಂಡು ಬಂಡೆಗೆ ಒರಗಿ ನಿಂತಳು. ಕಿಂಡಿಯಿಂದ ತಲೆ ಹೊರಹಾಕಿದವರಿಗೆಲ್ಲ ಒಂದೊಂದು ಏಟು ಬಿತ್ತು. ನಮ್ಮ ಲೆಕ್ಚರರ್ ಸಹ ತಪ್ಪಿಸಿಕೊಳ್ಳಲಿಲ್ಲ.

ಆ ಕಿಂಡಿ ನಮಗೆ ಮೊದಲೇ ಗೊತ್ತಿತ್ತು, ಟಿವಿಯಲ್ಲಿ ನೋಡಿದ್ದ 'ನಾಗರಹಾವು' ಸಿನಿಮಾದಿಂದ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಆ ಚಿತ್ರ ಬಂದದ್ದು 1972ರಲ್ಲಿ. ಜಯಂತಿ ಓಬವ್ವನಾಗಿ ಬರುವುದು ಒಂದೇ ಹಾಡಿನಲ್ಲಿ. ನಾವು ಹುಟ್ಟುವ ಮೊದಲೇ ಬಂದು ಹೋದ ಆ ಹಾಡು ಇಂದಿಗೂ ಆ ಬಂಡೆಯ ಮುಂದೆ ಜನರನ್ನು ಸಾಲುಗಟ್ಟಿ ನಿಲ್ಲಿಸುತ್ತದೆ. ಯಾರೂ ಅಲ್ಲಿ ಯಂತ್ರ ಕೂರಿಸಿಲ್ಲ, ಹಳಿ ಹಾಕಿಲ್ಲ. ಆದರೂ ಅದು ಒಂದು ರೈಡೇ. ಬಗ್ಗಬೇಕು, ಇಕ್ಕಟ್ಟಿನಲ್ಲಿ ತೂರಬೇಕು, ಸ್ವಲ್ಪ ಹೆದರಬೇಕು, ನಗುತ್ತ ಹೊರಬರಬೇಕು.

ಹೊರದೇಶಗಳಲ್ಲಿ ಇದೇ ಕೆಲಸ ದೊಡ್ಡ ಉದ್ಯಮ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗಿನಿಂದ ತೆರೆಯ ಮೇಲಿನ ಕಥೆಯೊಳಗೆ ಜನರನ್ನು ಕೂರಿಸಿ ಸುತ್ತಾಡಿಸುವುದು ನಡೆದಿದೆ. ಕೆಲವೊಮ್ಮೆ ಉಲ್ಟಾ ಕೂಡ ಆಗುತ್ತದೆ. ಅಲ್ಲಿ ಕಡಲ್ಗಳ್ಳರ ರೈಡ್ ಬಂದದ್ದು 1967ರಲ್ಲಿ. 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಸಿನಿಮಾ ಬಂದದ್ದು 2003ರಲ್ಲಿ. ಸಿನಿಮಾ ಗೆದ್ದ ಮೇಲೆ 2006ರಲ್ಲಿ ಜ್ಯಾಕ್ ಸ್ಪ್ಯಾರೋನ ಗೊಂಬೆ ಹಳೆಯ ರೈಡಿನೊಳಗೆ ಸೇರಿತು. ಅದೇ ರೈಡಿನಲ್ಲಿ ಕಡಲ್ಗಳ್ಳರು ಹೆಂಗಸರನ್ನು ಹರಾಜು ಹಾಕುವ ಒಂದು ದೃಶ್ಯವಿತ್ತು. ಐವತ್ತು ವರ್ಷ ಜನ ಅದನ್ನು ನೋಡಿ ನಕ್ಕಿದ್ದರು. 2018ರಲ್ಲಿ ಅದನ್ನು ಬದಲಿಸಿ, ಲೂಟಿ ಮಾಲಿನ ಹರಾಜು ಮಾಡಿದರು. ಹರಾಜಿಗೆ ನಿಂತಿದ್ದ ಕೆಂಪು ಕೂದಲಿನ ಹೆಣ್ಣೇ ಈಗ ಕಡಲ್ಗಳ್ಳಿ. 'ನಮ್ಮ ಬಾಲ್ಯವನ್ನು ಹಾಳು ಮಾಡಿದಿರಿ' ಎಂದು ಹಳೆಯ ಅಭಿಮಾನಿಗಳು ಸಿಟ್ಟಾದದ್ದೂ ಉಂಟು.

ಇದಕ್ಕಿಂತ ದೊಡ್ಡ ಜಗಳ ನಡೆದದ್ದು 'ಸ್ಪ್ಲ್ಯಾಶ್ ಮೌಂಟನ್' ವಿಷಯದಲ್ಲಿ. ಮರದ ದಿಮ್ಮಿಯಂಥ ದೋಣಿಯಲ್ಲಿ ಕೂತು ಕೊನೆಗೆ ಸುಮಾರು 50 ಅಡಿ ಕೆಳಕ್ಕೆ ನೀರಿಗೆ ಜಾರುವ ರೈಡ್ ಅದು. 1989ರಲ್ಲಿ ಬಂತು. ಅದರ ಕಥೆ ತೆಗೆದುಕೊಂಡದ್ದು 1946ರ 'ಸಾಂಗ್ ಆಫ್ ದಿ ಸೌತ್' ಚಿತ್ರದಿಂದ. ಕಪ್ಪು ಜನರು ದುಡಿದ ತೋಟಗಳ ಬದುಕನ್ನು ಆ ಚಿತ್ರ ಸಿಹಿ ಮಾಡಿ ತೋರಿಸಿದೆ ಎಂಬ ಟೀಕೆ ಮೊದಲಿನಿಂದಲೂ ಇತ್ತು. ಎಷ್ಟೆಂದರೆ ಅಮೆರಿಕದಲ್ಲಿ ಕಂಪನಿಯೇ ಆ ಚಿತ್ರವನ್ನು ಮನೆಯಲ್ಲಿ ನೋಡಲು ಕ್ಯಾಸೆಟ್ಟಿನಲ್ಲೂ ಬಿಡಲಿಲ್ಲ, ಡಿವಿಡಿಯಲ್ಲೂ ಬಿಡಲಿಲ್ಲ. ಚಿತ್ರ ಕಪಾಟಿನಲ್ಲಿ, ರೈಡ್ ಮಾತ್ರ ಬಯಲಲ್ಲಿ! 2020ರಲ್ಲಿ ಬದಲಾವಣೆ ಘೋಷಣೆಯಾಯಿತು. 2024ರಲ್ಲಿ ಅದೇ ಜಾಗ ತಿಯಾನಾ ಎಂಬ ಕಪ್ಪು ರಾಜಕುಮಾರಿಯ ಕಥೆಯೊಂದಿಗೆ ಮತ್ತೆ ತೆರೆಯಿತು. ಗಮನಿಸಬೇಕಾದ್ದು ಇಷ್ಟು: ನೀರಿನ ಕಾಲುವೆ ಅದೇ, ಜಾರುವ ಎತ್ತರ ಅದೇ. ಜನ ಕಿರುಚಿಕೊಳ್ಳಲು ಬರುತ್ತಿದ್ದ ಆ ಜಾರು ಮುಟ್ಟಲಿಲ್ಲ. ಅದರ ಸುತ್ತಲಿನ ಕಥೆ, ಗೊಂಬೆ, ಹಾಡು ಬದಲಾದವು.

ನಮ್ಮ ಕಡೆ ಇಂಥದ್ದು ಇಲ್ಲವೇ ಎಂದರೆ, ಇದೆ. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ 'ಬಾಹುಬಲಿ'ಯ ಸೆಟ್ಟು ಈಗ ಪ್ರೇಕ್ಷಣೀಯ ಸ್ಥಳ. ನಮ್ಮ ಜಿಲ್ಲೆಯ ಕಾಲೇಜುಗಳ ಬಸ್ಸುಗಳೂ ಅಲ್ಲಿಗೆ ಹೋಗುತ್ತವೆ. ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಶಿವಮೊಗ್ಗ ಜಿಲ್ಲೆಯ ಅರಸಾಳು. ಶಂಕರನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಬರುವ ರೈಲು ನಿಲ್ದಾಣ ಅದು. ಮೂಲ ಕಟ್ಟಡ ಹಳತಾಗಿ ಮೂಲೆಗುಂಪಾಗಿತ್ತು. ರೈಲ್ವೆಯವರು ಅದನ್ನು ಕೆಡವದೆ ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಇದಕ್ಕೂ ಕೈಹಾಕಿದರು. ಹಳೆಯ ಬೋಗಿಯೊಂದು ಚಹಾ ಅಂಗಡಿಯಾಯಿತು. ಅಲ್ಲಿ ಎತ್ತರದಿಂದ ಬೀಳುವುದೂ ಇಲ್ಲ, ತಲೆಕೆಳಗಾಗುವುದೂ ಇಲ್ಲ. ಆರ್.ಕೆ. ನಾರಾಯಣ್ ಕಲ್ಪನೆಯಲ್ಲಿ ಕಟ್ಟಿದ ಊರಿಗೆ ಒಂದು ನಿಜವಾದ ಸ್ಟೇಷನ್ ಸಿಕ್ಕಿತು, ಅಷ್ಟೇ. ರೈಲು ನಿಂತಾಗ ಜನ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ.

ಎಲ್ಲ ಕಡೆ ಹೀಗೆ ಸಲೀಸಾಗುವುದಿಲ್ಲ. 'ಶೋಲೆ' ಚಿತ್ರೀಕರಣವಾದ ರಾಮನಗರದ ರಾಮದೇವರಬೆಟ್ಟದಲ್ಲಿ ಆ ಚಿತ್ರದ ನೆನಪಿಗೆ ಏನಾದರೂ ಮಾಡಬೇಕು ಎಂಬ ಮಾತು ಎದ್ದಾಗ ರಣಹದ್ದುಗಳ ಪ್ರಶ್ನೆ ಬಂತು. 2012ರಿಂದ ಅದು ರಣಹದ್ದು ಧಾಮ. ಗಬ್ಬರ್‌ಗಿಂತ ಮೊದಲೇ ಆ ಬಂಡೆಯ ಮೇಲೆ ಮನೆ ಮಾಡಿಕೊಂಡವರು ಅವರು.

ಈಗ ನಮ್ಮ ಜಿಲ್ಲೆಗೆ ಬರೋಣ. ಇಲ್ಲಿ ಪ್ರವಾಸೋದ್ಯಮ ಎಂದರೆ ಅಂಜನಾದ್ರಿ, ಅಂಜನಾದ್ರಿ ಎಂದರೆ ರೋಪ್‌ವೇ. 2022-23ರ ರಾಜ್ಯ ಬಜೆಟ್‌ನಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಎಂದು ಘೋಷಣೆಯಾದಾಗ ನಾವೆಲ್ಲ ಸ್ಟೇಟಸ್ ಹಾಕಿದವರೇ. ರೋಪ್‌ವೇ ಬೇಡ ಎನ್ನುವವರಲ್ಲಿ ನಾನಿಲ್ಲ. '575 ಮೆಟ್ಟಲ ಹತ್ತಾಕ ನನ್ ಮೊಣಕಾಲು ಒಪ್ಪಂಗಿಲ್ಲಪಾ, ಕೆಳಗs ಕೈ ಮುಗೀತೀನಿ' ಎನ್ನುವ ಅಜ್ಜಿ ನಮ್ಮ ಮನೆಯಲ್ಲೂ ಇದ್ದಾರೆ. ಆದರೆ ಆನೆಗೊಂದಿ ಭಾಗದಲ್ಲಿ ಏನು ಕಟ್ಟುವುದೂ ಸುಲಭವಲ್ಲ. ಆನೆಗೊಂದಿ-ತಳವಾರಘಟ್ಟ ಸೇತುವೆಯೂ ಸೇರಿ ಕೆಲವು ನಿರ್ಮಾಣಗಳ ಕಾರಣಕ್ಕೆ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದ ಪಟ್ಟಿ ಸೇರಿತ್ತು, 2006ರಲ್ಲಿ ಹೊರಬಂತು. ಆ ಸೇತುವೆ ಮುಗಿಯುವ ಮೊದಲೇ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಜೀವ ಹೋಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದವು. ಅಲ್ಲಿ ಕೆಲಸಕ್ಕಿದ್ದ ನಮ್ಮ ವಯಸ್ಸಿನ ಹುಡುಗರು ಊರಿಗೆ ಮರಳಿದರು. ಕಟ್ಟಡವೇ ಉದ್ಯೋಗ ಎಂದು ನಂಬಿದರೆ ಕಟ್ಟಡದ ಜತೆಗೇ ಉದ್ಯೋಗವೂ ಹೋಗುತ್ತದೆ. ಅಲ್ಲದೆ ಅಂಜನಾದ್ರಿ ಭಕ್ತರ ಬೆಟ್ಟ. ಅದನ್ನು ಥೀಮ್ ಪಾರ್ಕ್ ಮಾಡುವ ಮಾತು ನನಗೆ ಸರಿಕಾಣುವುದಿಲ್ಲ.

ನನ್ನ ಕಣ್ಣು ಇರುವುದು ಬೇರೆ ಗುಡ್ಡದ ಮೇಲೆ. ಗಂಗಾವತಿ ತಾಲ್ಲೂಕಿನ ಜಬ್ಬಲಗುಡ್ಡದ ಹತ್ತಿರದ ಕುಮ್ಮಟದುರ್ಗ. ಕಂಪಿಲರಾಯನ ಮಗ ಕುಮಾರರಾಮನ ಕೋಟೆ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯದೆದುರು ಬಿದ್ದ ರಾಜ್ಯ ಅದು. ಆಮೇಲೆ ಕೆಲವೇ ವರ್ಷಗಳಲ್ಲಿ ವಿಜಯನಗರ ಎದ್ದಿತು. ಕುಮಾರರಾಮನ ಕಥೆ ನಂಜುಂಡ ಕವಿಯ ಕಾವ್ಯದಲ್ಲಿದೆ, ಬಯಲಾಟದಲ್ಲಿದೆ. ಸಿನಿಮಾ ಕೂಡ ಆಗಿದೆ: 2006ರಲ್ಲಿ ಶಿವರಾಜ್‌ಕುಮಾರ್ ಅಭಿನಯದ 'ಗಂಡುಗಲಿ ಕುಮಾರರಾಮ' ಬಂತು. 'ನಾಗರಹಾವು' ಚಿತ್ರದುರ್ಗಕ್ಕೆ ಮಾಡಿದ್ದನ್ನು ಆ ಚಿತ್ರ ಕುಮ್ಮಟಕ್ಕೆ ಮಾಡಲಿಲ್ಲ.

ಕಳೆದ ವರ್ಷ ಇಬ್ಬರು ಗೆಳೆಯರೊಂದಿಗೆ ಬೈಕಿನಲ್ಲಿ ಅಲ್ಲಿಗೆ ಹೋಗಿದ್ದೆ. ಗುಡ್ಡದ ಕೆಳಗೆ ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು 'ಏನ್ ನೋಡಾಕ ಬಂದೀರಪಾ?' ಎಂದರು. ಕೋಟೆ ಎಂದೆವು. ಕುರಿಗಳನ್ನು ಮೊಮ್ಮಗನಿಗೆ ಒಪ್ಪಿಸಿ ನಮ್ಮ ಜತೆ ಹತ್ತಿದರು. ಒಂದು ತಾಸಿಗೂ ಹೆಚ್ಚು ಹೊತ್ತು ಕಥೆ ಹೇಳಿದರು. ಮಲತಾಯಿ ರತ್ನಾಜಿಯ ಆಸೆ, ರಾಮ ಒಪ್ಪದೆ ಹೋದದ್ದು, ಅವಳು ಹೊರಿಸಿದ ಅಪವಾದ, ಮಗನ ತಲೆ ತರಲು ಕಂಪಿಲರಾಯನ ಅಪ್ಪಣೆ, ಮಂತ್ರಿ ಬೈಚಪ್ಪ ರಾಮನನ್ನು ಅಡಗಿಸಿಟ್ಟು ಬೇರೆ ತಲೆ ತೋರಿಸಿದ್ದು. ಗೋಡೆಯ ಒಂದು ಬಿರುಕು ತೋರಿಸಿ 'ಇಲ್ಲೇ' ಎಂದರು. ಎಲ್ಲಿ, ಏನು ಎಂದು ಕೇಳುವ ಧೈರ್ಯ ನಮಗೆ ಬರಲಿಲ್ಲ, ಅಷ್ಟು ಗಂಭೀರವಾಗಿ ಹೇಳಿದರು. ಯೌವನದಲ್ಲಿ ಬಯಲಾಟದಲ್ಲಿ ಪಾತ್ರ ಮಾಡಿದವರಂತೆ. ನೂರು ರೂಪಾಯಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ನಮ್ಮ ಗೆಳೆಯನ ಜೇಬಿನಲ್ಲಿದ್ದ ಎಲೆ-ಅಡಿಕೆ ಇಸಿದುಕೊಂಡರು. ಸರ್ಕಾರದ ಯಾವ ಯೋಜನಾ ವರದಿಯಲ್ಲಿ ಇಂಥವರಿಗೆ ಒಂದು ಸಾಲು ಇರುತ್ತದೆ? ಪಾರ್ಕಿಂಗ್, ಶೌಚಾಲಯ, ಯಾತ್ರಿ ನಿವಾಸ, ಹೈಮಾಸ್ಟ್ ದೀಪ ಇರುತ್ತವೆ, ಬೇಕೂ ಬೇಕು. ಕಥೆ ಹೇಳುವವರ ಸಂಬಳ ಇರುವುದಿಲ್ಲ.

ಈ ಕಥೆಯನ್ನು ನಾಳೆ ಧ್ವನಿ-ಬೆಳಕಿನ ಪ್ರದರ್ಶನವಾಗಿಯೋ ಗೊಂಬೆಗಳ ಸುತ್ತಾಟವಾಗಿಯೋ ಮಾಡಿದರೆ ಡಿಸ್ನಿಯವರಿಗೆ ಬಂದ ತಲೆನೋವು ನಮಗೂ ಬರುತ್ತದೆ. ರತ್ನಾಜಿಯನ್ನು ಬರೀ ಕೆಟ್ಟ ಹೆಂಗಸಾಗಿ ತೋರಿಸುವುದೇ? ಮುದುಕ ರಾಜನಿಗೆ ಕೊಟ್ಟ ಎಳೆಯ ಹೆಣ್ಣಿನ ಕಡೆಯಿಂದ ಒಂದು ಮಾತೂ ಬೇಡವೇ? ದೆಹಲಿ ಸೈನ್ಯದೊಂದಿಗಿನ ಯುದ್ಧವನ್ನು ಎರಡು ರಾಜ್ಯಗಳ ಯುದ್ಧವಾಗಿ ಹೇಳುತ್ತೇವೋ ಅಥವಾ ಇಂದಿನ ಊರ ಜಗಳಕ್ಕೆ ಕಟ್ಟಿಗೆ ಹಾಕುವಂತೆ ಹೇಳುತ್ತೇವೋ? ಕಾವ್ಯದಲ್ಲಿ ದೆಹಲಿಯ ಪರವಾಗಿ ದಂಡು ತೆಗೆದುಕೊಂಡು ಬರುವವಳು ಮಾತಂಗಿ ಎಂಬ ಹೆಣ್ಣು. ಇಂಥ ಪಾತ್ರ ಸಿಕ್ಕರೆ ಹಾಲಿವುಡ್‌ನವರು ಬಿಡುತ್ತಿದ್ದರೇ! ಬದಲಿಸಬಾರದು ಎಂದು ನಾನು ಹೇಳುವುದಿಲ್ಲ. ಬಯಲಾಟದ ಮೇಳಗಳೂ ಊರೂರಿಗೆ ಕಥೆ ಬದಲಿಸಿಯೇ ಆಡಿವೆ. ಆದರೆ ಬದಲಿಸುವ ಮೇಜಿನ ಸುತ್ತ ಆ ಅಜ್ಜನಂಥವರೂ, ಇತಿಹಾಸ ಓದಿದವರೂ ಕೂತಿರಬೇಕು. ಬೆಂಗಳೂರಿನ ಯಾವುದೋ ಈವೆಂಟ್ ಕಂಪನಿಗೆ ಟೆಂಡರ್ ಕೊಟ್ಟರೆ ರಾಮನಿಗೆ ಬಾಹುಬಲಿಯ ಕವಚ ತೊಡಿಸಿ ಕಳಿಸುತ್ತಾರೆ ಎಂಬ ಭಯ ನನ್ನದು.

ಗೊಂಬೆ ಮಾಡುವ ಕೈಗಳಿಗಂತೂ ಕೊರತೆಯಿಲ್ಲ. ಕೊಪ್ಪಳದ ಪಕ್ಕದಲ್ಲೇ ಕಿನ್ನಾಳ. ಹಗುರ ಮರ ಕೆತ್ತಿ, ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ 'ಕಿಟ್ಟ'ದಿಂದ ಬೆಸೆದು, ಮೇಲೆ ಬಣ್ಣ ಕೊಡುವ ಚಿತ್ರಗಾರರ ಕಲೆಗೆ ಜಿಐ ಮಾನ್ಯತೆ ಇದೆ. ಇನ್ನೊಂದು ಕಡೆ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಒಂದೇ ಜಿಲ್ಲೆಯಲ್ಲಿ ಮರದ ಗೊಂಬೆ, ಪ್ಲಾಸ್ಟಿಕ್ ಗೊಂಬೆ ಎರಡೂ ಇವೆ, ಎರಡಕ್ಕೂ ಬಳಕೆ ಇಲ್ಲ. ಕುಮಾರರಾಮನ ಪುಟ್ಟ ಗೊಂಬೆಯೊಂದು ಗವಿಮಠದ ಜಾತ್ರೆಯಲ್ಲಿ ಸಿಗುತ್ತದೆಯೇ ಎಂದು ಈ ಸಲ ಹುಡುಕಿದೆ. ಸ್ಪೈಡರ್‌ಮ್ಯಾನ್ ಸಿಕ್ಕಿತು.

ಇನ್ನು ನಿಭಾಯಿಸುವ ಕೆಲಸ. ಐಟಿಐ, ಡಿಪ್ಲೊಮಾ ಓದಿದವರಿಗೆ ಇಲ್ಲಿಯೇ ದಾರಿ ಇರುವುದು. ಚಲಿಸುವ ಯಾವುದೇ ಯಂತ್ರವನ್ನು ದಿನಾ ಬೆಳಿಗ್ಗೆ ಯಾರಾದರೂ ಮುಟ್ಟಿ ನೋಡಲೇಬೇಕು. ವಂಡರ್‌ಲಾದಂಥ ಕಂಪನಿ ಎಷ್ಟೋ ರೈಡ್‌ಗಳನ್ನು ಕೊಚ್ಚಿಯ ತನ್ನ ವರ್ಕ್‌ಶಾಪಿನಲ್ಲೇ ತಯಾರಿಸುತ್ತದೆ. ನಾವು ಕಟ್ಟಿದ ಮೇಲೆ ಮರೆಯುವವರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾದಾಗ ಇಡೀ ಜಿಲ್ಲೆ ನಿದ್ದೆ ಮಾಡಲಿಲ್ಲ. ಅದೇ ಜಲಾಶಯದ ನಮ್ಮ ದಂಡೆಯ ಮುನಿರಾಬಾದಿನಲ್ಲಿ ಪಂಪಾವನ ಇದೆ. ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದ ದಿನಗಳನ್ನು ಅಮ್ಮ ಈಗಲೂ ಹೇಳುತ್ತಾರೆ. ಕೆಆರ್‌ಎಸ್‌ನ ಬೃಂದಾವನಕ್ಕೆ 2,600 ಕೋಟಿಗೂ ಮೀರಿದ ಯೋಜನೆಗೆ 2024ರಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು, ಅಣೆಕಟ್ಟೆಗೆ ಧಕ್ಕೆ ಎಂದು ಅಲ್ಲಿನ ರೈತರು ವಿರೋಧಿಸಿದರು. ನಮಗೆ ಅಷ್ಟು ಕೋಟಿ ಬೇಡ. ಪಂಪಾವನದ ಕಾರಂಜಿ, ಹಾದಿ, ಗಿಡಗಳನ್ನು ವರ್ಷವಿಡೀ ನೋಡಿಕೊಳ್ಳುವ ಕಾಯಂ ಕೆಲಸಗಳು ಸಾಕು. ಎಫ್‌ಡಿಎ, ಪಿಡಿಒ ನೋಟಿಫಿಕೇಷನ್‌ಗೆ ಕಾಯುತ್ತ ಲೈಬ್ರರಿಯಲ್ಲಿ ಕೂತ ನಾವು 371(ಜೆ) ಅಡಿಯಲ್ಲಿ ಎಷ್ಟು ಹುದ್ದೆ ಎಂದು ಲೆಕ್ಕ ಹಾಕುತ್ತೇವೆ. ಪ್ರವಾಸೋದ್ಯಮದ ಯೋಜನೆ ಬಂದಾಗಲೂ ಅದೇ ಪ್ರಶ್ನೆ ಕೇಳಬೇಕಲ್ಲವೇ? ಕಾಮಗಾರಿಗೆ ಎಷ್ಟು ಕೋಟಿ ಎಂದು ಕೇಳುವಾಗಲೇ, ಮುಗಿದ ಮೇಲೆ ಅಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ, ಯಾರು, ಯಾವ ಸಂಬಳಕ್ಕೆ ಎಂದೂ.

ಅಜ್ಜನ ಕಥೆಯನ್ನು ಅಂದು ನಾವು ರೆಕಾರ್ಡ್ ಮಾಡಲಿಲ್ಲ. ಮೂವರ ಮೊಬೈಲಿನಲ್ಲೂ ಸೆಲ್ಫಿ ಮಾತ್ರ ಇವೆ. ಶ್ರಾವಣ ಮುಗಿದ ಮೇಲೆ ಮತ್ತೆ ಹೋಗುತ್ತಿದ್ದೇವೆ, ಈ ಸಲ ಮೈಕ್ ಹಿಡಿದು. ಕುಷ್ಟಗಿ, ಯಲಬುರ್ಗಾ ಕಡೆಯ ಗೆಳೆಯರೇ, ನಿಮ್ಮೂರಿನಲ್ಲಿ ಕುಮಾರರಾಮನ ಬಯಲಾಟ ಆಡಿದವರು ಇನ್ನೂ ಇದ್ದರೆ, ಅವರ ಹಾಡು-ಮಾತು ಬರೆದಿಟ್ಟುಕೊಳ್ಳಿ. ರತ್ನಾಜಿಯ ಪಾತ್ರ ಮಾಡಿದವರು ಸಿಕ್ಕರಂತೂ ಅವರನ್ನೇ ಮೊದಲು ಮಾತಾಡಿಸಿ.